ಮೊದಲ ಕೂಗು ಯಾರಿಗೆ?

ಕೇಳುಗರಿಗೆ ನಮಸ್ಕಾರ.

'ಸಂಕಟ ಬಂದಾಗ ವೆಂಕಟರಮಣ' ಅಂತ ಗಾದೆ ಇದೆ. ಸುಖದಲ್ಲಿ ದೇವರನ್ನು ಮರೆತು ಕಷ್ಟ ಬಂದಾಗ ನೆನೆಯುವವರನ್ನು ಚುಚ್ಚೋಕೆ ಇದನ್ನು ಬಳಸುತ್ತೇವೆ. ನನಗೆ ಆ ಚುಚ್ಚುಮಾತು ಹಿಡಿಸುವುದಿಲ್ಲ. ಸಂಕಟದಲ್ಲಾದರೂ ನೆನಪಾದನಲ್ಲ, ಒಳ್ಳೆಯದೇ ಆಯಿತು. ತೊಂದರೆ ಇರುವುದು ಬೇರೆ ಕಡೆ. ಸಂಕಟ ಬಂದ ಕೂಡಲೇ ನಾವು ಅವನ ಹತ್ತಿರ ಹೋಗುವುದೇ ಇಲ್ಲ. ಮೊದಲು ನಮ್ಮ ಬುದ್ಧಿ, ಆಮೇಲೆ ದುಡ್ಡು, ಆಮೇಲೆ ಗುರುತು ಪರಿಚಯದವರು. ಯಾವುದೂ ಕೈಗೂಡದೆ ಹೋದಾಗ ದೇವರು.

ಗಜೇಂದ್ರನೂ ಹಾಗೇ ಮಾಡಿದ. ಭಾಗವತದ ಎಂಟನೇ ಸ್ಕಂಧದಲ್ಲಿ ಆ ಕಥೆ ಬರುತ್ತದೆ. ತ್ರಿಕೂಟ ಬೆಟ್ಟದ ಸರೋವರ. ಬಾಯಾರಿ ಬಂದ ಆನೆ ಹಿಂಡು ನೀರಿಗಿಳಿಯಿತು. ಗಜೇಂದ್ರ ಸೊಂಡಿಲಲ್ಲಿ ನೀರೆತ್ತಿ ಹೆಂಡಿರು ಮಕ್ಕಳಿಗೆ ಕುಡಿಸುತ್ತಾ, ಮೈಮೇಲೆ ಎರಚುತ್ತಾ ಖುಷಿಯಾಗಿದ್ದ. ಅಷ್ಟರಲ್ಲಿ ಮೊಸಳೆ ಕಾಲು ಹಿಡಿಯಿತು. ಅವನು ತನ್ನ ಬಲವೆಲ್ಲ ಹಾಕಿ ಎಳೆದ. ಹೆಣ್ಣಾನೆಗಳು ಗೋಳಾಡಿದವು. ಜೊತೆಯ ಆನೆಗಳು ಹಿಂದಿನಿಂದ ಎಳೆದು ನೋಡಿದವು. ಆಗಲಿಲ್ಲ. ಹೀಗೇ ಸಾವಿರ ವರ್ಷ ಕಳೆಯಿತು ಅನ್ನುತ್ತದೆ ಭಾಗವತ. ಆನೆಯ ಬಲ ಇಳಿಯುತ್ತಾ ಹೋಯಿತು, ನೀರಲ್ಲೇ ಹುಟ್ಟಿ ಬೆಳೆದ ಮೊಸಳೆಯ ಬಲ ಏರುತ್ತಾ ಹೋಯಿತು.

ಕೊನೆಗೆ ಅವನು ಹರಿಯನ್ನು ಕರೆದ. ಆಗ ಅವನ ನಾಲಿಗೆಗೆ ಬಂದದ್ದು ಹಿಂದಿನ ಜನ್ಮದಲ್ಲಿ ಕಲಿತಿದ್ದ ಜಪ. ಆ ಜನ್ಮದಲ್ಲಿ ಅವನು ಇಂದ್ರದ್ಯುಮ್ನನೆಂಬ ಪಾಂಡ್ಯ ರಾಜ. ಹರಿಕಥೆ ಕೇಳುವಾಗ ಈ ಮಾತನ್ನು ಸುಮ್ನೆ ದಾಟಿಬಿಡುತ್ತೇವೆ. ನನಗೆ ಇಡೀ ಕಥೆಯಲ್ಲಿ ಇದೇ ದೊಡ್ಡದು. ದಿನಾ ಸಂಜೆ ದೀಪ ಹಚ್ಚಿ ಎರಡು ನಿಮಿಷ ಕೂತ ಅಭ್ಯಾಸ ಇದ್ದರೆ, ಭಯದಲ್ಲಿ ಆ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಇನ್ನು ಹರಿ? ಇಷ್ಟು ದಿನ ಯಾಕೆ ಕರೆಯಲಿಲ್ಲ ಅಂತ ಕೇಳಲೇ ಇಲ್ಲ. ಗರುಡನ ಮೇಲಿಂದ ಥಟ್ಟನೆ ಇಳಿದು ಬಂದು ಆನೆಯನ್ನೂ ಮೊಸಳೆಯನ್ನೂ ಒಟ್ಟಿಗೇ ದಡಕ್ಕೆಳೆದ.

ನಮ್ಮ ಮನೆಗಳ ಅಜ್ಜಿಯರು ಸಾವಿರ ವರ್ಷ ಕಾಯುತ್ತಿರಲಿಲ್ಲ. ಮಗುವಿನ ಜ್ವರ ನೆತ್ತಿಗೇರಿತು ಅಂದರೆ ಮೊದಲು ದೇವರ ಕೋಣೆಗೆ ಹೋಗುತ್ತಿದ್ದರು. ಬಿಳಿ ಬಟ್ಟೆಯ ಚೂರನ್ನು ಅರಿಸಿನದ ನೀರಲ್ಲಿ ಅದ್ದಿ, ಒಂದು ನಾಣ್ಯ ಇಟ್ಟು, ಗಂಟು ಹಾಕಿ, 'ತಿಮ್ಮಪ್ಪಾ, ಮಗು ಹುಷಾರಾಗ್ಲಿ, ನಿನ್ನ ಬೆಟ್ಟಕ್ಕೆ ಬರ್ತೀವಿ' ಅಂತ ಮುಡಿಪು ಕಟ್ಟುತ್ತಿದ್ದರು. ತಿರುಮಲೆಯ ಹುಂಡಿಗೆ ಬೀಳುವವರೆಗೂ ಆ ಗಂಟು ದೇವರ ಮುಂದೆಯೇ ಇರುತ್ತಿತ್ತು. ಕೈಯ ಅರಿಸಿನ ಆರುವ ಮೊದಲೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಡಾಕ್ಟರ ಹತ್ತಿರ ಓಡುತ್ತಿದ್ದರು. ಹರಕೆ ಹೊತ್ತಾಯಿತು, ಇನ್ನು ಔಷಧಿ ಯಾಕೆ ಅಂತ ಕೂತವರಲ್ಲ.

ಇದನ್ನು ಒತ್ತಿ ಹೇಳಬೇಕು. ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ 108ಕ್ಕೆ ಫೋನ್ ಮಾಡಿ, ಒಂದು ಕ್ಷಣವೂ ತಡ ಬೇಡ. ದೇವರ ಹೆಸರು ಹೇಳೋಕೆ ಬೇರೆ ಹೊತ್ತು ಬೇಕಿಲ್ಲ, ನಂಬರ್ ಒತ್ತುತ್ತಲೇ ಹೇಳಬಹುದು, ಅಲ್ವಾ?

ಮೊದಲು ಕರೆದರೆ ಕಷ್ಟ ಕೂಡಲೇ ಕಳೆಯುತ್ತದೆ ಅಂತ ನಾನು ಹೇಳಲಾರೆ. ಕಣ್ಣೀರಿಟ್ಟು ಬೇಡಿಕೊಂಡೂ ತಮ್ಮವರನ್ನು ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಅವರ ಭಕ್ತಿ ಸಾಲದಾಯಿತು ಅಂತ ಯಾರೂ ಆಡಬಾರದು, ಅದು ಪಾಪ. ಆದರೆ ಮೊದಲೇ ಕರೆದವರ ಕೈ ನಡುಕ ಸ್ವಲ್ಪ ನಿಲ್ಲುತ್ತದೆ. ಮುಂದೆ ಮಾಡಬೇಕಾದ ಒಂದು ಕೆಲಸ ಕಣ್ಣಿಗೆ ಕಾಣುತ್ತದೆ. ಎಲ್ಲ ನನ್ನೊಬ್ಬನ ತಲೆ ಮೇಲೇ ಬಿತ್ತು ಅನ್ನುವ ಭಾರ ಇಳಿಯುತ್ತದೆ.

ಆಸ್ಪತ್ರೆಯ ವರಾಂಡದಲ್ಲಿ ಕೂತು ಇದನ್ನು ಕೇಳುತ್ತಿರುವವರು ಇರಬಹುದು. ಸ್ತೋತ್ರ ನೆನಪಾಗದಿದ್ದರೆ ಚಿಂತೆ ಬೇಡ. ಮಂಜುನಾಥ, ಎಲ್ಲಮ್ಮ, ಮಾದಪ್ಪ, ಅಲ್ಲಾ, ಯೇಸು, ನಿಮ್ಮ ಬಾಯಿಗೆ ಯಾವುದು ರೂಢಿಯೋ ಆ ಹೆಸರು ಸಾಕು. ಹೇಳಿಬಿಟ್ಟು, ಚೀಟಿ ಹಿಡಿದು ಔಷಧಿ ಅಂಗಡಿಗೆ ಹೊರಡಿ. ನಮಸ್ಕಾರ.