ಕೊರಡು ಹೊಡೆಯುವ ದಿನವೂ ಬನ್ನಿ

ಶಿಕ್ಷಕರಿಗೆ, ಪಾಲಕರಿಗೆ ನಮಸ್ಕಾರ.

ನಾನು ಹಾವೇರಿ ಸೀಮೆಯ ರಾಗಿ ಬೆಳೆಗಾರ. ನಾನು ಚಿಕ್ಕವನಿದ್ದಾಗ ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಹೊಲದಿಂದ ಎರೆ ಮಣ್ಣು ತಂದು, ಕಲ್ಲು ಆರಿಸಿ, ನಾದಿ, ಎತ್ತು ಮಾಡುತ್ತಿದ್ದೆವು. ಈಗ ಬಹಳ ಮನೆಗಳಿಗೆ ಮಣ್ಣೆತ್ತು ಪೇಟೆಯಿಂದ ಬರುತ್ತದೆ. ಪೂಜೆ ನಡೆಯುತ್ತದೆ, ಮಗುವಿನ ಕೈಗೆ ಮಾತ್ರ ಮಣ್ಣು ತಾಗುವುದಿಲ್ಲ. ನನಗೆ ಇದು ನಿಜವಾದ ಸಂಕಟ.

ರಾಗಿ ನಾಟಿಗೆಂದು ಶಾಲೆಗಳಿಂದ ನಮ್ಮ ಹೊಲಕ್ಕೆ ಬರುವ ಮಕ್ಕಳಿಗೆ ನಾನು ಮೊದಲು ಕಲಿಸುವುದು ಹದ ನೋಡುವುದನ್ನು. ಮಳೆ ಬಿಟ್ಟ ಮೇಲೆ ಮಸಾರಿ ಮಣ್ಣನ್ನು ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಅಮುಕಬೇಕು. ಉಂಡೆಯೇ ಕಟ್ಟದಿದ್ದರೆ ತೇವ ಸಾಲದು. ಅಂಗೈಗೆ ಅಂಟಿಕೊಂಡರೆ ಇನ್ನೂ ಹಸಿ. ಆಗ ಕುಂಟೆ ಹೊಡೆದರೆ ಹೆಂಟೆ ಏಳುತ್ತದೆ. ಉಂಡೆ ಕಟ್ಟಿ, ಕೆಳಗೆ ಬಿಟ್ಟಾಗ ಪುಡಿಯಾದರೆ ಅದು ಹದ. ಬೆಲ್ಲದ ಪಾಕಕ್ಕೂ ರೊಟ್ಟಿಯ ಹಿಟ್ಟಿಗೂ ಇದೇ ಮಾತು. ಅಡುಗೆಮನೆಯಲ್ಲಾಗಲಿ ಹೊಲದಲ್ಲಾಗಲಿ ಹದ ತಿಳಿಯುವುದು ಕೈಗೆ. ಅದೇ ಮಣ್ಣನ್ನು ಮೂಸಿದರೆ ಬರುವ ಪರಿಮಳ ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನದು. ಆ ಹೆಸರನ್ನು ಮಕ್ಕಳಿಗೆ ಆಮೇಲೆ ಹೇಳುತ್ತೇನೆ. ಮೊದಲು ಮೂಸಲಿ.

ನಮ್ಮದು ಗುಳಿ ರಾಗಿ. ಉದ್ದಕ್ಕೂ ಅಡ್ಡಕ್ಕೂ ಒಂದೂವರೆ ಅಡಿಗೊಂದು ಸಾಲು ಹೊಡೆದು, ಸಾಲು ಕೂಡುವಲ್ಲಿ ಗುಳಿ ಮಾಡಿ, ಒಂದು ಹಿಡಿ ತಿಪ್ಪೆಗೊಬ್ಬರ ಹಾಕಿ ಎರಡೆರಡು ಸಸಿ ಹಚ್ಚುತ್ತೇವೆ. ಮಕ್ಕಳಿಗೆ ಇದು ಹಬ್ಬ. ಆ ದಿನ ಫೋಟೊಗಳೂ ಬಹಳ. ಹೆಚ್ಚಿನ ಶಾಲೆಗಳು ಅಲ್ಲಿಗೇ ನಿಲ್ಲಿಸುತ್ತವೆ. ನನ್ನ ತಕರಾರು ಅದರ ಬಗ್ಗೆಯೇ.

ನಾಟಿಯಾಗಿ 15 ದಿನ ಕಳೆದ ಮೇಲೆ, 45 ದಿನದೊಳಗೆ, ಎತ್ತು ಹೂಡಿ ಬೆಳೆಯ ಮೇಲೆಯೇ ಕೊರಡು ಎಳೆಯುತ್ತೇವೆ. ಈ ಮರದ ದಿಮ್ಮಿ ಹಾದುಹೋದ ಕಡೆಯಲ್ಲೆಲ್ಲ ಸಸಿ ನೆಲಕ್ಕೆ ಬಾಗುತ್ತದೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಇದನ್ನು ನೋಡಿ ನನ್ನ ಮೇಲೆ ಸಿಟ್ಟಾದಳು. "ಅಜ್ಜಾ, ನಾನು ಹಚ್ಚಿದ ಸಸಿ ಅದು! ಸಾಯುವುದಿಲ್ಲವೇ?" ಎಂದಳು. ನಾನು ಉತ್ತರ ಕೊಡಲಿಲ್ಲ. ತನ್ನ ಗುಳಿಯ ಪಕ್ಕ ಒಂದು ಕಡ್ಡಿ ನೆಟ್ಟು ಕೆಂಪು ರಿಬ್ಬನ್ ಕಟ್ಟಿ ಹೋದಳು. ಎರಡು ವಾರ ಬಿಟ್ಟು ಬಂದಾಗ ಬಾಗಿದ ಸಸಿ ತಲೆಯೆತ್ತಿತ್ತು, ಬುಡದಲ್ಲಿ ಹೊಸ ತೆಂಡೆಗಳು, ಅಂದರೆ ಕವಲು ಸಸಿಗಳು, ಒಡೆದಿದ್ದವು. ಅವಳು ಕೆಸರಿನಲ್ಲಿ ಮೊಣಕಾಲೂರಿ ಒಂದೊಂದನ್ನೇ ಬೆರಳಿನಿಂದ ಬಿಡಿಸಿ ಎಣಿಸಿದಳು. ಪೆಟ್ಟು ತಿಂದ ಬೆಳೆ ಹೆಚ್ಚು ತೆಂಡೆ ಒಡೆಯುತ್ತದೆ ಎಂದು ನಾನು ಹಲಗೆಯ ಮೇಲೆ ಬರೆದು ತೋರಿಸಿದ್ದರೆ ಅವಳು ನಂಬುತ್ತಿದ್ದಳೋ ಇಲ್ಲವೋ.

ಆದ್ದರಿಂದ ಒಂದೇ ದಿನಕ್ಕೆ ಕರೆತರಬೇಡಿ. ಅದೇ ಮಕ್ಕಳನ್ನು ಅದೇ ತುಂಡು ಹೊಲಕ್ಕೆ ನಾಲ್ಕು ಬಾರಿ ಕರೆತನ್ನಿ: ನಾಟಿಗೆ, ಕೊರಡಿಗೆ, ಕಳೆಗೆ, ಕೊಯ್ಲಿಗೆ. ಕಳೆಯ ದಿನ ಬೇಸರವಾಗುತ್ತದೆ, ಸೊಂಟ ನೋಯುತ್ತದೆ. ಆಗಲಿ. ತಟ್ಟೆಯ ಮುದ್ದೆಯ ಹಿಂದೆ ಯಾರ ಸೊಂಟವಿದೆ ಎಂದು ಗೊತ್ತಾಗುವುದು ಆ ದಿನವೇ.

ಪಾಲಕರ ಅಂಜಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಧನುರ್ವಾಯು ಚುಚ್ಚುಮದ್ದು ಆಗಿದೆಯೇ ನೋಡಿ. ಕೈಕಾಲಿಗೆ ಗಾಯವಿದ್ದರೆ ಆ ದಿನ ಬದುವಿನ ಮೇಲೆ ಕೂರಿಸಿ. ಊಟಕ್ಕೆ ಮುಂಚೆ ಸಾಬೂನು ಹಚ್ಚಿ ಕೈ ತೊಳೆಸಿ. ಮಕ್ಕಳು ಬರುವ ಹೊಲಕ್ಕೆ ನಾನು ಔಷಧ ಹೊಡೆಯುವುದಿಲ್ಲ.

ಆ ಹುಡುಗಿ ಕೊಯ್ಲಿಗೂ ಬಂದಳು. ರಿಬ್ಬನ್ ಬಣ್ಣಗೆಟ್ಟಿತ್ತು. ತನ್ನ ಗುಳಿಯ ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡಳು. ಇನ್ನೊಂದು ತೆನೆಯನ್ನು ಅಮ್ಮನಿಗೆಂದು ಪುಸ್ತಕದ ಚೀಲದಲ್ಲಿ ಇಟ್ಟುಕೊಂಡಳು.

ಈ ವರ್ಷದ ಸಸಿ ಮಡಿ ಸಿದ್ಧವಾಗಿದೆ. ನಾಟಿಯ ದಿನ ಮಳೆಯ ಕೈಯಲ್ಲಿದೆ, ಹದ ಬಂದ ಕೂಡಲೇ ತಿಳಿಸುತ್ತೇನೆ.