ಸೇವಂತಿಗೆಯ ಬಣ್ಣಕ್ಕೆ ಅರ್ಥ ಕೊಟ್ಟವರು ಯಾರು?

ಕೇಳುಗರಿಗೆ ನಮಸ್ಕಾರ. ಆಯುಧಪೂಜೆಯ ಹಿಂದಿನ ದಿನ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಹೋದವರಿಗೆ ಗೊತ್ತು, ಎಲ್ಲಿ ನೋಡಿದರೂ ಸೇವಂತಿಗೆ ರಾಶಿ. ಹಳದಿಯಾಗಲಿ ಬಿಳಿಯಾಗಲಿ, ದೇವರಿಗೂ ಆಗುತ್ತದೆ, ಲಾರಿಗೂ ಆಗುತ್ತದೆ. ಮಾರು ಅಳೆಸಿಕೊಳ್ಳುವಾಗ ನಾವು ರೇಟು ಕೇಳುತ್ತೇವೆ, ಅರ್ಥ ಯಾರು ಕೇಳುತ್ತಾರೆ?

ಈಗ ಮೊಬೈಲಿನಲ್ಲಿ ಪಟ್ಟಿಗಳು ಬರುತ್ತವೆ. ಬಿಳಿ ಸೇವಂತಿಗೆ ಅಂದರೆ ಸತ್ಯ, ಕೆಂಪು ಅಂದರೆ ಪ್ರೀತಿ, ಹಳದಿ ಅಂದರೆ ಕೈಗೂಡದ ಪ್ರೀತಿ. ಇದೆಲ್ಲ 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜನ ಹೂವಿನ ಭಾಷೆ ಅಂತ ಓದುತ್ತಿದ್ದ ಪುಸ್ತಕಗಳ ಮಾತು. ಮನೆದೇವರಿಗೆ ಹಳದಿ ಸೇವಂತಿಗೆ ಏರಿಸುವವರು ಇದನ್ನು ಓದಿ ಯಾಕೆ ಗಾಬರಿಯಾಗಬೇಕು, ಹೇಳಿ! ಹೂವಿನ ಬಣ್ಣಕ್ಕೆ ಅರ್ಥ ಕೊಡುವುದು ಆಯಾ ಊರಿನ ಜನ. ಇದೊಂದು ನೆನಪಿಟ್ಟುಕೊಳ್ಳಿ, ಸಾಕು.

ನನ್ನ ಅಕ್ಕನ ಮಗ ಕೆಲಸದ ಮೇಲೆ ಫ್ರಾನ್ಸಿಗೆ ಹೋದ. ಅಕ್ಟೋಬರ್ ಕೊನೆ, ನಮ್ಮ ದೀಪಾವಳಿ ಹತ್ತಿರ. ಅಲ್ಲಿನ ಅಂಗಡಿಗಳ ಮುಂದೆಲ್ಲ ಸೇವಂತಿಗೆ ಕುಂಡಗಳು. ಇವನಿಗೆ ಊರಿಗೇ ಬಂದಷ್ಟು ಖುಷಿ. ತುಂಬಾ ಹೂ ಬಿಟ್ಟಿದ್ದ ಹಳದಿ ಕುಂಡ ಆರಿಸಿ, ಲಾಡಿನ ಜೊತೆ ಕೆಳಮನೆ ಅಜ್ಜಿಗೆ ಕೊಡಲು ಹೋದ. ಅಜ್ಜಿ ಲಾಡು ತೆಗೆದುಕೊಂಡರು, ಕುಂಡ ಮುಟ್ಟಲಿಲ್ಲ. ಆಮೇಲೆ ಕೂರಿಸಿ ಹೇಳಿದರಂತೆ: ನಮ್ಮಲ್ಲಿ ಇದು ನವೆಂಬರ್ ಮೊದಲ ದಿನ ಸಮಾಧಿಗೆ ಇಡುವ ಹೂವು ಮಗು, ಯಾವ ಬಣ್ಣವಾದರೂ ಅಷ್ಟೇ. ಇವನು ಫೋನಿನಲ್ಲಿ ನಮ್ಮಕ್ಕನ ಹಬ್ಬದ ಫೋಟೊ ತೋರಿಸಿದ. ಬಾಗಿಲಿಗೆ, ದೇವರಿಗೆ, ಸ್ಕೂಟರಿಗೆ, ಎಲ್ಲಕ್ಕೂ ಹಳದಿ ಸೇವಂತಿಗೆ! ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕೊನೆಗೆ ಇಬ್ಬರೂ ಹೋಗಿ ಆ ಕುಂಡವನ್ನು ಅಜ್ಜಿಯ ಗಂಡನ ಸಮಾಧಿಗೆ ಇಟ್ಟು ಬಂದರು.

ಯಾಕೆ ಹೀಗೆ? ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಬಿಡುವ ಗಿಡ. ಹೂ ತಡವಾಗಿ ಬರಲಿ ಅಂತ ನಮ್ಮ ರೈತರು ರಾತ್ರಿ ಹೊಲದಲ್ಲಿ ಬಲ್ಬು ಉರಿಸುವುದೂ ಇದಕ್ಕೇ. ಯುರೋಪಿನಲ್ಲಿ ಚಳಿಗೆ ಬೇರೆ ಹೂಗಳು ಮುಗಿಯುವ ಹೊತ್ತಿಗೆ ಇದು ಅರಳಿರುತ್ತದೆ. ಸತ್ತವರನ್ನು ನೆನೆಯುವ ದಿನ ಬರುವುದೂ ಆಗಲೇ. ನಮ್ಮಲ್ಲಿ ಆ ಕಾಲಕ್ಕೆ ಬರುವುದು ದಸರಾ, ದೀಪಾವಳಿ. ಮತ್ತೆ ಹೇಳುತ್ತೇನೆ, ಅರ್ಥ ಕೊಡುವುದು ಊರಿನ ಜನ.

ಸಮಯ ಆಗುತ್ತಾ ಬಂತು, ಜಪಾನಿನ ಮಾತು ಬೇಗ ಹೇಳಿಬಿಡುತ್ತೇನೆ. ಅಲ್ಲಿ ರಾಜಮನೆತನದ ಲಾಂಛನ 16 ಎಸಳಿನ ಸೇವಂತಿಗೆ, ಚಿನ್ನದ ಬಣ್ಣದ್ದು. ಪಾಸ್‌ಪೋರ್ಟಿನ ಮೇಲೂ ಸೇವಂತಿಗೆಯೇ ಇದೆ. ಅದೇ ದೇಶದಲ್ಲಿ ಸಾವಿನ ಮನೆಗೆ ಬಿಳಿ ಸೇವಂತಿಗೆ. ಕೊರಿಯಾದಲ್ಲೂ ಹಾಗೆಯೇ.

ಹೊರದೇಶದಲ್ಲಿರುವ ಮಕ್ಕಳಿಗೆ ಇವತ್ತೇ ಫೋನ್ ಮಾಡಿ ಹೇಳಿ, ಯಾರ ಮನೆಗಾದರೂ ಸೇವಂತಿಗೆ ಒಯ್ಯುವ ಮುಂಚೆ ಅಲ್ಲಿಯವರನ್ನು ಒಂದು ಮಾತು ಕೇಳಲಿ. ನಮಸ್ಕಾರ.