ಆಪ್ಟ್‌ನಲ್ಲಿ ಸಿಗದ ಎಫ್ಎಫ್ಎಂಪೆಗ್: ಸೋರ್ಸ್‌ನಿಂದ ಬಿಲ್ಡ್ ಮಾಡೋದು ಹೀಗೆ

ನಮಸ್ಕಾರ ಎಲ್ರಿಗೂ. ಉಬುಂಟುನಲ್ಲಿ ಆಪ್ಟ್ ಇನ್‌ಸ್ಟಾಲ್ ಅಂತ ಹೊಡೆದ್ರೆ ವೀಡಿಯೊ, ಆಡಿಯೋ ಕನ್ವರ್ಟ್ ಮಾಡೋ ಎಫ್ಎಫ್ಎಂಪೆಗ್ ಸುಮ್ನೆ ಬಂದು ಕೂತ್ಕೊಳ್ಳತ್ತೆ, ಮತ್ಯಾಕೆ ಕಂಪೈಲ್ ಮಾಡೋ ತಲೆನೋವು? ಸ್ಪೀಡ್‌ಗೋಸ್ಕರ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಎಫ್ಎಫ್ಎಂಪೆಗ್ ರನ್ ಆಗೋವಾಗ್ಲೇ ಸಿಪಿಯು ಯಾವ್ದು ಅಂತ ನೋಡ್ಕೊಂಡು ಅದಕ್ಕೆ ಸರಿಯಾದ ಅಸೆಂಬ್ಲಿ ಕೋಡ್ ತಾನೇ ಆರಿಸ್ಕೊಳ್ಳತ್ತೆ.

ವಿಷಯ ಇರೋದು ಲೈಸೆನ್ಸ್‌ನಲ್ಲಿ. ಫ್ರಾನ್‌ಹೋಫರ್ ಅವರ ಎಫ್‌ಡಿಕೆ ಎಎಸಿ ಅಂತ ಆಡಿಯೋ ಎನ್‌ಕೋಡರ್ ಇದೆ. ಕಡಿಮೆ ಬಿಟ್‌ರೇಟ್‌ಗೆ ಬೇಕಾಗೋ ಎಚ್‌ಇ ಎಎಸಿ ಅದರಲ್ಲಿ ಆಗತ್ತೆ, ಎಫ್ಎಫ್ಎಂಪೆಗ್‌ನ ಸ್ವಂತ ಎನ್‌ಕೋಡರ್‌ನಲ್ಲಿ ಆಗಲ್ಲ. ಆದ್ರೆ ಎಫ್‌ಡಿಕೆ ಲೈಸೆನ್ಸ್‌ಗೂ ಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್‌ಗೂ ಆಗ್ಬರಲ್ಲ, ವೀಡಿಯೊ ಎನ್‌ಕೋಡರ್ ಎಕ್ಸ್264 ಇರೋದು ಜಿಪಿಎಲ್‌ನಲ್ಲಿ, ಹಾಗಾಗಿ ಎರಡೂ ಸೇರಿಸಿದ ಬೈನರಿನ ಉಬುಂಟು ಹಂಚೋ ಹಾಗಿಲ್ಲ. ನಿಮ್ಮ ಮೆಷಿನ್‌ನಲ್ಲಿ ನೀವೇ ಬಿಲ್ಡ್ ಮಾಡ್ಕೊಂಡು ಬಳಸಿದ್ರೆ ಅದರದೇನೂ ಅಡ್ಡಿ ಇಲ್ಲ.

[ಸ್ಕ್ರೀನ್: ಇನ್‌ಸ್ಟಾಲ್ ಕಮಾಂಡ್]

ಮೊದ್ಲು ಬಿಲ್ಡ್ ಎಸೆನ್ಷಿಯಲ್, ಅಸೆಂಬ್ಲಿ ಕೋಡ್‌ಗೆ ಬೇಕಾದ ನ್ಯಾಸಮ್, ಪ್ಯಾಕೇಜ್ ಕಾನ್ಫಿಗ್ ಹಾಕ್ಕೊಳ್ಳಿ. ಆಮೇಲೆ ಎಕ್ಸ್264, ಎಫ್‌ಡಿಕೆ ಎರಡರದ್ದೂ ಡೆವ್ ಪ್ಯಾಕೇಜ್, ಎಫ್‌ಡಿಕೆಗೆ ಉಬುಂಟುನ ಮಲ್ಟಿವರ್ಸ್ ರೆಪೊಸಿಟರಿ ಆನ್ ಇರ್ಬೇಕು. ತುಂಬಾ ಜನ ಸಿಕ್ಕಾಕ್ಕೊಳ್ಳೋದು ಇಲ್ಲೇ. ಎಕ್ಸ್264 ಆಗ್ಲೇ ಸಿಸ್ಟಮ್‌ನಲ್ಲಿದೆ, ಆದ್ರೂ ಬಿಲ್ಡ್‌ಗೆ ಮುಂಚೆ ಎಲ್ಲಾ ಇದ್ಯಾ ಅಂತ ನೋಡೋ ಕಾನ್ಫಿಗರ್ ಸ್ಕ್ರಿಪ್ಟ್ ನಾಟ್ ಫೌಂಡ್ ಅಂತಿದೆ ಅಂತ ಒದ್ದಾಡ್ತಾರೆ. ಇರೋದು ರನ್ ಮಾಡೋಕೆ ಬೇಕಾದ ಲೈಬ್ರರಿ ಮಾತ್ರ, ಕಂಪೈಲರ್‌ಗೆ ಬೇಕಾದ ಹೆಡರ್ ಫೈಲ್‌ಗಳು ಡೆವ್ ಪ್ಯಾಕೇಜ್‌ನಲ್ಲಿ ಬರ್ತವೆ.

ಈಗ ಡೌನ್‌ಲೋಡ್ ಮಾಡಿಟ್ಟ ಎಫ್ಎಫ್ಎಂಪೆಗ್ ಸೋರ್ಸ್ ಫೋಲ್ಡರ್‌ಗೆ ಹೋಗಿ ಕಾನ್ಫಿಗರ್ ಓಡ್ಸಿ. ಎನೇಬಲ್ ಜಿಪಿಎಲ್, ಎನೇಬಲ್ ನಾನ್‌ಫ್ರೀ, ಜೊತೆಗೆ ಎರಡು ಲೈಬ್ರರಿ. ಪ್ರಿಫಿಕ್ಸ್‌ಗೆ, ಅಂದ್ರೆ ಇನ್‌ಸ್ಟಾಲ್ ಆಗೋ ಜಾಗಕ್ಕೆ, ಹೋಮ್ ಒಳಗೇ ಒಂದು ಹೊಸ ಫೋಲ್ಡರ್ ಕೊಟ್ಬಿಡಿ, ಸುಡೋ ಬೇಕಾಗಲ್ಲ, ನಾಳೆ ಬೇಡ ಅನ್ಸಿದ್ರೆ ಆ ಫೋಲ್ಡರ್ ಡಿಲೀಟ್ ಮಾಡಿದ್ರೆ ಆಯ್ತು. ನ್ಯಾಸಮ್ ಮರ್ತಿದ್ರೆ ಇಲ್ಲೇ ನಿಲ್ಲತ್ತೆ, ಅದಿಲ್ದೆ ಮಾಡಿದ್ರೆ ಕ್ರಿಪಲ್ಡ್ ಬಿಲ್ಡ್ ಅಂತ ಹಳೇ ವರ್ಷನ್‌ಗಳು ಮುಖಕ್ಕೆ ಹೊಡ್ದ ಹಾಗೆ ಹೇಳ್ತಿದ್ವು, ಮರ್ಯಾದೆ ಇರ್ಲಿಲ್ಲ ಬಿಡಿ. ಬೇರೆ ಏನಾದ್ರೂ ಎರರ್ ಬಂದ್ರೆ ಗೂಗಲ್‌ಗೆ ಓಡೋ ಮುಂಚೆ ಎಫ್ಎಫ್‌ಬಿಲ್ಡ್ ಫೋಲ್ಡರ್‌ನಲ್ಲಿರೋ ಕಾನ್ಫಿಗ್ ಲಾಗ್‌ನ ಕೊನೇ ಸಾಲುಗಳನ್ನ ಓದಿ, ಮುಕ್ಕಾಲು ಪಾಲು ಉತ್ತರ ಅಲ್ಲೇ ಇರತ್ತೆ.

[ಸ್ಕ್ರೀನ್: ಕಾನ್ಫಿಗರ್ ಔಟ್‌ಪುಟ್‌ನ ಕೊನೆ]

ನೋಡಿ, ಲೈಸೆನ್ಸ್ ಅಂತ ಇರೋ ಕಡೆ ನಾನ್‌ಫ್ರೀ ಆಂಡ್ ಅನ್‌ರೀಡಿಸ್ಟ್ರಿಬ್ಯೂಟಬಲ್ ಅಂತ ಬಂದಿದೆ. ಹೆದರ್ಬೇಡಿ, ನಮಗೆ ಬೇಕಾಗಿದ್ದೂ ಅದೇ.

ಆಮೇಲೆ ಮೇಕ್, ಹೈಫನ್ ಜೆ ಹಾಕಿ ಪಕ್ಕದಲ್ಲಿ ನಿಮ್ಮ ಕೋರ್ ಎಷ್ಟಿದೆಯೋ ಅಷ್ಟು. ಬರೀ ಜೆ ಅಂತ ಬಿಟ್ರೆ ಲಿಮಿಟ್ಟೇ ಇಲ್ದೆ ಜಾಬ್ ಶುರು ಮಾಡಿ ರ‍್ಯಾಮ್ ತಿಂದು ಹಾಕತ್ತೆ. ಮುಗಿದ್ಮೇಲೆ ಮೇಕ್ ಇನ್‌ಸ್ಟಾಲ್, ಹೊಸ ಬಿನ್ ಫೋಲ್ಡರ್‌ನ ಟರ್ಮಿನಲ್ ಪ್ರೋಗ್ರಾಂ ಹುಡುಕೋ ಪಾತ್‌ನಲ್ಲಿ ಎಲ್ಲಕ್ಕಿಂತ ಮುಂದೆ ಸೇರ್ಸಿ. ವರ್ಷನ್ ಕೇಳಿದಾಗ ಇನ್ನೂ ಹಳೇ ಆಪ್ಟ್‌ದೇ ತೋರ್ಸಿದ್ರೆ ಬ್ಯಾಷ್ ಹಳೇ ಜಾಗ ನೆನಪಿಟ್ಕೊಂಡಿದೆ ಅಂತ, ಹ್ಯಾಶ್ ಹೈಫನ್ ಆರ್ ಹೊಡೀರಿ.

ಒಂದೇ ಒಂದು, ಈ ಬೈನರಿನ ಫ್ರೆಂಡ್‌ಗೆ ಅಂತ ಡ್ರೈವ್‌ನಲ್ಲಿ ಹಾಕೋಕೆ ಹೋಗ್ಬೇಡಿ, ಲೈಸೆನ್ಸ್ ಒಪ್ಪಲ್ಲ. ಕಮಾಂಡ್‌ಗಳನ್ನ ಕಳ್ಸಿ, ಅವರೇ ಬಿಲ್ಡ್ ಮಾಡ್ಕೊಳ್ಳಲಿ.